ಮಿದುಳಿನ ಚಿತ್ರವೂ ಅಳತೆಯ ಲೆಕ್ಕವೂ

ಜೀವಂತ ಮನುಷ್ಯನ ಮಿದುಳನ್ನು ಕಾಣುವ ಸೌಕರ್ಯವು ವೈದ್ಯರಿಗೆ ಬಹುಕಾಲ ಇರಲಿಲ್ಲ. 1861ರಲ್ಲಿ ಪ್ಯಾರಿಸಿನ ಬ್ರೋಕಾ ಮಹಾಶಯರು ಮಾತು ಕಳೆದುಕೊಂಡಿದ್ದ ರೋಗಿಯೊಬ್ಬನ ಮಿದುಳಿನ ಎಡಭಾಗದಲ್ಲಿದ್ದ ಹಾನಿಯನ್ನು ಗುರುತಿಸಿದುದು ಅವನ ಮರಣಾನಂತರವೇ. 1895ರಲ್ಲಿ ದೊರೆತ ಕ್ಷ-ಕಿರಣವು ತಲೆಬುರುಡೆಯನ್ನು ತೋರಿಸಿತೇ ಹೊರತು ಒಳಗಿನ ಮೃದುವಾದ ಮಿದುಳನ್ನಲ್ಲ. 1971ರಲ್ಲಿ ಇಂಗ್ಲೆಂಡಿನ ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರವೂ, 1973ರಲ್ಲಿ ಅಮೆರಿಕದ ಲಾಟರ್‌ಬರ್ ಪ್ರಕಟಿಸಿದ ಕಾಂತೀಯ ಅನುರಣನ ಚಿತ್ರಣವೂ ಈ ತೆರೆಯನ್ನು ಸರಿಸಿದುವು.

ಚಿತ್ರ ದೊರೆತ ಮಾತ್ರಕ್ಕೆ ಅಳತೆ ದೊರೆಯಲಿಲ್ಲ. ಚಿತ್ರದಲ್ಲಿ ಬೂದುದ್ರವ್ಯ ಯಾವುದು, ಬಿಳಿದ್ರವ್ಯ ಯಾವುದು ಎಂಬುದನ್ನು ಗಣಕಯಂತ್ರವು ವಿಂಗಡಿಸಬೇಕು. ಬೇರೆ ಬೇರೆ ತಲೆಗಳನ್ನು ಒಂದೇ ಅಚ್ಚಿಗೆ ಹೊಂದಿಸಬೇಕು. ಬಳಿಕ ಚಿತ್ರವನ್ನು ಎಷ್ಟು ನಯಗೊಳಿಸಬೇಕೆಂಬುದನ್ನು ಸಂಶೋಧಕನೇ ಗೊತ್ತುಮಾಡಬೇಕು. 2000ರಲ್ಲಿ ಲಂಡನ್ನಿನ ಆಶ್‌ಬರ್ನರ್ ಮತ್ತು ಫ್ರಿಸ್ಟನ್ ಈ ಕ್ರಮವನ್ನು ವಿಶದವಾಗಿ ನಿರೂಪಿಸಿದರು. ಅದೇ ವರ್ಷ ಅದೇ ನಗರದಲ್ಲಿ ಮಗ್ವೈರ್ ಎಂಬ ವಿದುಷಿಯೂ ಸಂಗಡಿಗರೂ 16 ಮಂದಿ ಟ್ಯಾಕ್ಸಿ ಚಾಲಕರನ್ನು ಪರೀಕ್ಷಿಸಿ, ದಾರಿಗಳ ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ಸಿನ ಹಿಂಭಾಗವು ಅವರಲ್ಲಿ ಇತರರಿಗಿಂತ ದೊಡ್ಡದೆಂದು ತೋರಿಸಿದರು. ಇಂತಹ ಲೇಖನಗಳು ಹೆಚ್ಚಿದಂತೆ, ಮಾಡಿದ್ದನ್ನು ಬರೆಯುವ ರೀತಿಯು ಲೇಖನದಿಂದ ಲೇಖನಕ್ಕೆ ಬೇರೆಯಾಯಿತು. ಆದಕಾರಣ 2008ರಲ್ಲಿ ರಿಡ್ಜ್‌ವೇ ಮತ್ತು ಸಂಗಡಿಗರು ವರದಿ ಬರೆಯುವವರಿಗೆ ಹತ್ತು ಸರಳ ನಿಯಮಗಳನ್ನು ಹಾಕಿಕೊಟ್ಟರು.

ಈ ನಿಯಮಗಳು ಬರಿಯ ಶಿಷ್ಟಾಚಾರವಲ್ಲವೆಂಬುದು 2012ರಲ್ಲಿ ಇನ್ನಷ್ಟು ಸ್ಪಷ್ಟವಾಯಿತು. ನೆದರ್‌ಲೆಂಡ್ಸಿನ ಸಂಶೋಧಕರು ಅವೇ ಚಿತ್ರಗಳನ್ನು ಫ್ರೀಸರ್ಫರ್ ಎಂಬ ಗಣಕ ಸಾಧನದ ಬೇರೆ ಬೇರೆ ಆವೃತ್ತಿಗಳಿಂದ ಅಳೆದಾಗ, ಮಿದುಳಿನ ಭಾಗಗಳ ಗಾತ್ರದಲ್ಲಿ ಸರಾಸರಿ ನೂರಕ್ಕೆ 8.8ರಷ್ಟೂ ಹೊರಪದರದ ದಪ್ಪದಲ್ಲಿ ನೂರಕ್ಕೆ 2.8ರಷ್ಟೂ ವ್ಯತ್ಯಾಸ ಕಂಡುಬಂತು. ಆಲ್‌ಜೈಮರ್ ಎಂಬ ಮರೆವಿನ ರೋಗದಲ್ಲಿ ಹಿಪ್ಪೊಕ್ಯಾಂಪಸ್ಸು ಒಂದು ವರ್ಷಕ್ಕೆ ಕುಗ್ಗುವುದು ನೂರಕ್ಕೆ ನಾಲ್ಕೈದರಷ್ಟು. ಹಾಗಿರುವಾಗ ಅಳೆದ ಸಾಧನದ ಆವೃತ್ತಿಯನ್ನೇ ಹೇಳದಿದ್ದರೆ, ಕುಗ್ಗಿದುದು ಮಿದುಳೋ, ಬದಲಾದುದು ಅಳತೆಗೋಲೋ ಎಂದು ಓದುಗನು ನಿರ್ಣಯಿಸುವುದೆಂತು? ರೋಗಿಯ ಚಿಕಿತ್ಸೆಯ ವಿಚಾರವು ಇಂತಹ ಅಂಕಿಗಳನ್ನು ನಂಬಿ ನಡೆಯುವಂಥದು.

2016ರಲ್ಲಿ ಮಿದುಳಿನ ನಕ್ಷೆ ರಚಿಸುವವರ ಅಂತರರಾಷ್ಟ್ರೀಯ ಸಂಘದ ಸಮಿತಿಯೊಂದು ಯಂತ್ರ, ವಿಧಾನ, ಸಾಧನದ ಆವೃತ್ತಿ, ಕೈಬಿಟ್ಟ ಚಿತ್ರಗಳು ಇವೆಲ್ಲವನ್ನೂ ವರದಿಯಲ್ಲಿ ಬರೆಯಬೇಕೆಂದು ಸೂಚಿಸಿತು.

ಉತ್ತರ ಸರಿಯಿದ್ದರೂ ಕ್ರಮ ಬರೆಯದ ಲೆಕ್ಕಕ್ಕೆ ನಮ್ಮ ಉಪಾಧ್ಯಾಯರು ಪೂರ್ಣ ಅಂಕ ಕೊಡುವುದಿಲ್ಲ. ಕ್ರಮ ಕಂಡರೆ ತಪ್ಪು ಎಲ್ಲಿದೆಯೆಂದು ಬೇರೊಬ್ಬನು ತೋರಿಸಬಲ್ಲನು. ಕ್ರಮ ಮರೆಯಾದರೆ ನಂಬಿಕೆಯೊಂದೇ ಗತಿ. ವಿಜ್ಞಾನವು ಬೆಳೆದುದು ಮೊದಲನೆಯ ದಾರಿಯಿಂದ.