ಹಿಗ್ಗಿದ ಹೃದಯದ ಚರಿತ್ರೆ

ಕನ್ನಡದಲ್ಲಿ ‘ಹಿಗ್ಗು’ ಎಂಬ ಮಾತಿಗೆ ಸಂತೋಷಪಡುವುದೆಂಬ ಅರ್ಥವೂ ಅಗಲವಾಗುವುದೆಂಬ ಅರ್ಥವೂ ಇದ್ದು, ದೊಡ್ಡ ಹೃದಯವೆಂಬುದು ಔದಾರ್ಯಕ್ಕೆ ಸಲ್ಲುವ ಹೊಗಳಿಕೆಯಾಗಿರುವುದರಿಂದ, ಎಕ್ಸ್‌ರೇ ನೋಡಿದ ವೈದ್ಯರು ‘ಹಾರ್ಟು ದೊಡ್ಡದಾಗಿದೆ’ ಎಂದಾಗ ಆ ಮಾತಿನ ಗಾಂಭೀರ್ಯ ಕೇಳುವವರಿಗೆ ಕೂಡಲೇ ತಟ್ಟುವುದಿಲ್ಲ. ವೈದ್ಯಕೀಯದಲ್ಲಿ ಡೈಲೇಟೆಡ್ ಕಾರ್ಡಿಯೋಮಯೋಪತಿ ಎನ್ನಿಸಿಕೊಂಡಿರುವ ಈ ಸ್ಥಿತಿಯಲ್ಲಿ ಎಡ ಹೃತ್ಕುಕ್ಷಿ, ಅಂದರೆ ಇಡೀ ದೇಹಕ್ಕೆ ರಕ್ತವನ್ನು ತಳ್ಳುವ ಕೆಳಕೋಣೆ, ಹಿಗ್ಗಿ ಹಿಂಡುವ ಬಲವನ್ನು ಕಳೆದುಕೊಳ್ಳುತ್ತದೆ. ಆರೋಗ್ಯವಂತ ಹೃತ್ಕುಕ್ಷಿ ಪ್ರತಿ ಬಡಿತಕ್ಕೂ ತನ್ನೊಳಗಿನ ರಕ್ತದ ಅರ್ಧಕ್ಕಿಂತ ಹೆಚ್ಚು ಪಾಲನ್ನು ಹೊರದೂಡಿದರೆ, ಇಲ್ಲಿ ಆ ಪಾಲು ಎಷ್ಟೋ ವೇಳೆ ಶೇ. 40ಕ್ಕಿಂತ ಕೆಳಗಿಳಿದಿರುತ್ತದೆ. ದಣಿದ ಇಂಥ ಹೃದಯಕ್ಕೆ ಚಾಟಿ ಬೀಸಬೇಕೋ, ಅದನ್ನು ಮಲಗಿಸಬೇಕೋ, ಲಗಾಮು ಹಾಕಬೇಕೋ ಎಂಬ ಪ್ರಶ್ನೆಗೆ ವೈದ್ಯರು ಕೊಡುತ್ತ ಬಂದ ಉತ್ತರಗಳು ಒಂದನ್ನೊಂದು ಅಲ್ಲಗಳೆಯುವಷ್ಟು ಬೇರೆಬೇರೆಯಾಗಿವೆ.

ಹೃದಯ ಕಣ್ಣಿಗೆ ಬೀಳುವ ಮುನ್ನ ಕಂಡದ್ದು ನೀರು. ಆಯುರ್ವೇದದ ಶೋಥ, ಜಲೋದರಗಳ ವಿವರಣೆಯಲ್ಲೂ ಯೂರೋಪಿನವರು ಡ್ರಾಪ್ಸಿ ಎಂದ ಬಾವಿನಲ್ಲೂ ಇಂದಿನ ಅನೇಕ ಕಾಯಿಲೆಗಳು ಬೆರೆತಿದ್ದು, ಸೋತ ಹೃದಯ ಅವುಗಳಲ್ಲಿ ಒಂದು ಮಾತ್ರವಾಗಿತ್ತು. ರಕ್ತದ ಹರಿವು ತಗ್ಗಿದಾಗ ಮೂತ್ರಪಿಂಡಗಳು ದೇಹದಲ್ಲಿ ನೀರೇ ಕಡಿಮೆಯಾಗಿದೆಯೆಂದು ಭ್ರಮಿಸಿದಂತೆ ಉಪ್ಪನ್ನೂ ನೀರನ್ನೂ ಹಿಡಿದಿಡುತ್ತವೆ. ಆ ನೀರು ಹಗಲಿನಲ್ಲಿ ಪಾದಗಳಿಗೆ ಇಳಿದರೆ, ರಾತ್ರಿ ಮಲಗಿದಾಗ ಶ್ವಾಸಕೋಶದತ್ತ ಸರಿದು ರೋಗಿಯನ್ನು ಎದ್ದು ಕೂರಿಸುತ್ತದೆ. 1775ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್‌ನ ಮುಂದೆ ಬಂದದ್ದು ಈ ಬಾವಿಗೆ ಶ್ರಾಪ್‌ಷೈರಿನ ಮುದುಕಿಯೊಬ್ಬಳು ಗುಟ್ಟಾಗಿ ಕೊಡುತ್ತಿದ್ದ, ಇಪ್ಪತ್ತರಷ್ಟು ಗಿಡಮೂಲಿಕೆಗಳ ಮನೆಮದ್ದು. ಸಸ್ಯಶಾಸ್ತ್ರ ಬಲ್ಲವನಾದ್ದರಿಂದ, ಗುಣ ಇರುವುದು ಕೆನ್ನೇರಳೆ ಬಣ್ಣದ, ಬೆರಳ ತುದಿಗೆ ತೊಡಿಸುವ ಟೊಪ್ಪಿಗೆಯಂಥ ಹೂಬಿಡುವ ಫಾಕ್ಸ್‌ಗ್ಲೋವ್ ಗಿಡವೊಂದರಲ್ಲೇ ಎಂದು ಅವನು ಗುರುತಿಸಿದನು. ಹತ್ತು ವರ್ಷ ಪ್ರಮಾಣಗಳನ್ನು ತೂಗಿನೋಡಿ, ಗುಣವಾದವರ ಜೊತೆಗೆ ಆಗದೆಹೋದವರ ವಿವರವನ್ನೂ ಬರೆದಿಟ್ಟು, 1785ರಲ್ಲಿ ಅವನು ಪ್ರಕಟಿಸಿದ ಪುಸ್ತಕ ಆ ಪ್ರಾಮಾಣಿಕತೆಗಾಗಿಯೇ ಇಂದಿಗೂ ಓದತಕ್ಕದ್ದು. ಆ ಮುದುಕಿಯ ಹೆಸರು ಮಾತ್ರ ಅದರಲ್ಲಿಲ್ಲ.

ಡಿಜಿಟಾಲಿಸ್ ಎಂಬ ಈ ಮದ್ದು ಸೋತ ಕಡೆ ನೀರನ್ನು ಕೈಯಾರೆ ಬಸಿಯಬೇಕಾಗುತ್ತಿತ್ತು. 1870ರ ದಶಕದಲ್ಲಿ ಲಂಡನ್ನಿನ ವೈದ್ಯ ರೆಜಿನಾಲ್ಡ್ ಸೌದಿ ಬಳಕೆಗೆ ತಂದ ಸಣ್ಣ ನಳಿಕೆಗಳನ್ನು ಬಾತ ಕಾಲಿನ ಚರ್ಮದಡಿ ಚುಚ್ಚಿ, ರಬ್ಬರ್ ಕೊಳವೆ ಜೋಡಿಸಿ, ತೊಟ್ಟಿಕ್ಕುವ ನೀರನ್ನು ಕೆಳಗಿಟ್ಟ ಪಾತ್ರೆಗೆ ಹಿಡಿಯುತ್ತಿದ್ದರು. ಮೂತ್ರವರ್ಧಕ ಮಾತ್ರೆಗಳ ಇಂದಿನ ಕಾಲದಲ್ಲಿ ಕ್ರೂರವೆನಿಸುವ ಈ ವಿಧಾನ ಅಂದು ಉಸಿರಾಡಲು ಅವಕಾಶ ಕೊಟ್ಟ ಉಪಕಾರವಾಗಿತ್ತು.

ಹೃದಯದ ಗಾತ್ರ ಕಾಣಿಸಿದ್ದು 1895ರಲ್ಲಿ ಜರ್ಮನಿಯ ವಿಜ್ಞಾನಿ ರಾಂಟ್‌ಜನ್ ಎಕ್ಸ್ ಕಿರಣವನ್ನು ಕಂಡುಹಿಡಿದ ಮೇಲೆ. ಹೃದಯದ ನೆರಳು ಎದೆಗೂಡಿನ ಅಗಲದ ಅರ್ಧವನ್ನು ಮೀರಿದರೆ ಅದು ದೊಡ್ಡದಾಗಿದೆಯೆಂಬ ಅಳತೆ ಹಳೆಯದಾದರೂ ಇನ್ನೂ ಚಾಲ್ತಿಯಲ್ಲಿದೆ. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ವೈದ್ಯ ಎಡ್ಲರ್ ಮತ್ತು ಭೌತವಿಜ್ಞಾನಿ ಹರ್ಟ್ಸ್, ಲೋಹದ ಬಿರುಕು ಹುಡುಕುವ ಶ್ರವಣಾತೀತ ಧ್ವನಿಯಂತ್ರವನ್ನು ಎದೆಗೆ ಹಿಡಿದದ್ದರಿಂದ ಇಂದಿನ ಎಕೋ ಪರೀಕ್ಷೆ ಹುಟ್ಟಿತು. ರಕ್ತನಾಳ ಕಟ್ಟಿಕೊಳ್ಳದೆಯೂ ಸ್ನಾಯುವೇ ಕೆಡುವ ಕಾಯಿಲೆಗಳಿಗೆ 1957ರಲ್ಲಿ ವೈದ್ಯ ವ್ಯಾಲೇಸ್ ಬ್ರಿಗ್ಡೆನ್ ಕಾರ್ಡಿಯೋಮಯೋಪತಿ ಎಂಬ ಹೆಸರು ಬಳಸಿದ ಬಳಿಕ ಕಾರಣಗಳ ಹುಡುಕಾಟ ಬಿರುಸಾಗಿ, ಮದ್ಯ, ವೈರಾಣು, ಹೆರಿಗೆಯ ಆಸುಪಾಸಿನ ದಿನಗಳು, ಮನೆತನದ ಬಳುವಳಿ ಇವೆಲ್ಲ ಪಟ್ಟಿಗೆ ಬಂದವು. 1960ರ ದಶಕದ ಮಧ್ಯದಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ವಿಪರೀತ ಬಿಯರ್ ಕುಡಿಯುವವರು ಹೃದಯ ಹಿಗ್ಗಿ ಸಾಯತೊಡಗಿದಾಗ ಸಿಕ್ಕಿಬಿದ್ದದ್ದು, ನೊರೆ ನಿಲ್ಲಲೆಂದು ಬೆರೆಸಿದ್ದ ಕೋಬಾಲ್ಟ್ ಲವಣ.

ಅದೇ ಕಾಲದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ವೈದ್ಯ ಜಾರ್ಜ್ ಬರ್ಚ್, ಹೃದಯ ಹಿಗ್ಗಿದ ರೋಗಿಗಳನ್ನು ತಿಂಗಳುಗಟ್ಟಲೆ, ಕೆಲವರನ್ನು ವರ್ಷದವರೆಗೂ ಹಾಸಿಗೆಯಲ್ಲೇ ಇರಿಸಿದನು. ಕೆಲವರ ಹೃದಯ ನಿಜಕ್ಕೂ ಕುಗ್ಗಿದ್ದರಿಂದ ಇದನ್ನು ಮೌಢ್ಯವೆಂದು ತಳ್ಳಿಹಾಕುವಂತಿಲ್ಲ. ಆದರೆ ಮಲಗಿದ ಮೈಯ ಮಾಂಸಖಂಡ ಕರಗಿ, ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಆ ವಿಶ್ರಾಂತಿಗೆ ತೆರಬೇಕಾದ ಬೆಲೆಯಾಗಿತ್ತು, ದುಡಿದು ತಿನ್ನುವವರ ಮನೆಯಲ್ಲಿ ವರ್ಷದ ವಿಶ್ರಾಂತಿಯೆಂದರೆ ಏನೆಂಬುದು ಬೇರೆಯೇ ಮಾತು.

ನಿಜವಾದ ತಿರುವು ಬಂದದ್ದು 1975ರಲ್ಲಿ, ಸ್ವೀಡನ್ನಿನ ಗೋಥೆನ್‌ಬರ್ಗ್‌ನಿಂದ. ಸೋತ ಹೃದಯವನ್ನು ಓಡಿಸಲು ದೇಹವು ಅಡ್ರಿನಲಿನ್ ಜಾತಿಯ ರಾಸಾಯನಿಕಗಳನ್ನು ಸತತವಾಗಿ ಸುರಿಯುತ್ತದೆ. ಅವುಗಳ ಪರಿಣಾಮವನ್ನು ತಡೆಯುವ ಬೀಟಾ ಬ್ಲಾಕರ್ ಮದ್ದು ಇಂಥವರಿಗೆ ವಿಷಕ್ಕೆ ಸಮವೆಂದು ಪಠ್ಯಗಳು ಸಾರುತ್ತಿದ್ದಾಗ, ವಾಗ್‌ಸ್ಟೈನ್, ಯಾಲ್ಮಾರ್ಸನ್ ಮತ್ತು ಸಂಗಡಿಗರು ಏಳೇ ಏಳು ರೋಗಿಗಳಿಗೆ ಅದನ್ನು ಕೊಟ್ಟು, ನಾಡಿ ನಿಧಾನವಾದಂತೆ ಹೃದಯ ಚೇತರಿಸಿಕೊಂಡದ್ದನ್ನು ವರದಿ ಮಾಡಿದರು. ಏರುದಾರಿಯಲ್ಲಿ ಬಸವಳಿದ ಎತ್ತಿಗೆ ಬಾರುಕೋಲು ಬೀಸುತ್ತಿದ್ದದ್ದು ದೇಹವೇ ಎಂಬ ಈ ಅರಿವನ್ನು ಲೋಕ ಒಪ್ಪಲು ಹೆಚ್ಚುಕಡಿಮೆ ಕಾಲು ಶತಮಾನ ಬೇಕಾಯಿತು: 1999ರ ದೊಡ್ಡ ಪ್ರಯೋಗದಲ್ಲಿ ಮೆಟೊಪ್ರೊಲಾಲ್ ಎಂಬ ಬೀಟಾ ಬ್ಲಾಕರ್ ಸಾವನ್ನು ಶೇ. 34ರಷ್ಟು ತಗ್ಗಿಸಿತು. ಇದಕ್ಕೆ ಎರಡು ವರ್ಷ ಮುನ್ನವೇ, ವಿದರಿಂಗ್‌ನ ಗಿಡದ ವಂಶದ ಡಿಗಾಕ್ಸಿನ್ ಆಸ್ಪತ್ರೆ ಸೇರುವುದನ್ನು ಕಡಿಮೆ ಮಾಡುತ್ತದೆಯೇ ಹೊರತು ಆಯುಸ್ಸನ್ನು ಹೆಚ್ಚಿಸುವುದಿಲ್ಲವೆಂದು ತಿಳಿದುಬಂದಿತ್ತು. ಬ್ರೆಜಿಲ್‌ನ ಹಾವಿನ ವಿಷದ ಅಧ್ಯಯನದಿಂದ ಹುಟ್ಟಿದ ಕ್ಯಾಪ್ಟೊಪ್ರಿಲ್ ಎಂಬ ಮದ್ದೂ ಅದರ ಬಳಗವೂ, ನೀರು ಹಿಡಿದಿಡುವ ದೇಹದ ಹಟವನ್ನು ಮುರಿದೇ ಕೆಲಸಮಾಡುತ್ತವೆ.

ಕನ್ನಡ ನಾಡಿಗೂ ತಾಗುವ ಒಂದು ಸಂಗತಿ 2009ರಲ್ಲಿ ಹೊರಬಂತು: ಹೃದಯಸ್ನಾಯುವಿನ ಪ್ರೋಟೀನೊಂದನ್ನು ರೂಪಿಸುವ ವಂಶವಾಹಿಯಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವ ದೋಷ ಭಾರತೀಯ ಉಪಖಂಡದ ಸುಮಾರು ಶೇ. 4ರಷ್ಟು ಜನರಲ್ಲಿದ್ದು, ನಡುವಯಸ್ಸು ದಾಟಿದ ಮೇಲೆ ಹೃದಯ ಸೋಲುವ ಸಂಭವವನ್ನು ಹೆಚ್ಚಿಸುತ್ತದೆ. ಮಕ್ಕಳನ್ನು ಪಡೆಯುವ ವಯಸ್ಸು ಮುಗಿದ ಮೇಲೆ ಕೈಕೊಡುವ ದೋಷವಾದ್ದರಿಂದ ಅದು ಸಾವಿರಾರು ವರ್ಷ ಸದ್ದಿಲ್ಲದೆ ದಾಟಿಬಂದಿದೆ.

ಇಂದು ಹಾಸಿಗೆಯ ಜಾಗಕ್ಕೆ ನಡಿಗೆ ಬಂದಿದ್ದು, ವೈದ್ಯರು ಹೇಳಿದ ಮಿತಿಯಲ್ಲಿ ದಿನವೂ ಕಾಲಾಡಿಸುವುದು ಚಿಕಿತ್ಸೆಯ ಭಾಗವೇ ಆಗಿದೆ. ಉಪ್ಪಿನಕಾಯಿ ಜಾಡಿ, ಹಪ್ಪಳದ ಡಬ್ಬಿ ಮೇಲಿನ ಅಟ್ಟಕ್ಕೆ ಹೋಗುತ್ತವೆ. ಬೆಳಿಗ್ಗೆ ಮೂತ್ರ ಮಾಡಿ ಬಂದು, ಕಾಫಿಗೆ ಮುನ್ನ, ತೂಕದ ಯಂತ್ರದ ಮೇಲೆ ನಿಂತು ಅಂಕಿಯನ್ನು ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆಯುವ ರೂಢಿ ಇಂಥ ಮನೆಗಳಲ್ಲಿದೆ. ಎರಡು ಮೂರು ದಿನದಲ್ಲಿ ಎರಡು ಕೆ.ಜಿ. ಏರಿದರೆ ಅದು ಉಂಡ ಅನ್ನದಿಂದ ಬಂದದ್ದಲ್ಲ, ಕಾಲು ಬಾಯುವ ಮೊದಲೇ ಒಳಗೆ ನಿಲ್ಲತೊಡಗಿದ ನೀರು, ಆಸ್ಪತ್ರೆಗೆ ಫೋನ್ ಮಾಡಬೇಕಾದ ಹೊತ್ತು.