ವೇಗ ಏರಿದಾಗ ಕರೆಂಟು ಸಾಲುವುದೇ?

ರಾಯಬಾಗ ತಾಲ್ಲೂಕಿನ ಹಾರೂಗೇರಿಯ ಸುತ್ತ ಕಬ್ಬು ಬೆಳೆಯುವ ರೈತರಿಗೆ ವೋಲ್ಟೇಜಿನ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೇ ಟಿ.ಸಿ.ಯ ಮೇಲಿನ ಪಂಪುಗಳೆಲ್ಲ ಒಟ್ಟಿಗೆ ಚಾಲೂ ಆದರೆ ವೋಲ್ಟೇಜು ಇಳಿಯುತ್ತದೆ. ಇಳಿದಷ್ಟೂ ಮೋಟಾರು ಹೆಚ್ಚು ಕರೆಂಟು ಎಳೆದು ಬಿಸಿಯಾಗುತ್ತದೆ. ಕೊನೆಗೆ ವೈಂಡಿಂಗ್ ಸುಡುತ್ತದೆ. ಮನೆಯೊಳಗಿನ ಕಂಪ್ಯೂಟರಿಗೂ ಇದೇ ನಿಯಮ ಅನ್ವಯಿಸುತ್ತದೆ ಎಂಬುದು ಮಾತ್ರ ಅನೇಕರ ಗಮನಕ್ಕೆ ಬರುವುದಿಲ್ಲ. ಪ್ರೊಸೆಸರನ್ನು ತಯಾರಕರು ಗೊತ್ತುಪಡಿಸಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಅದಕ್ಕೆ ಕೈಹಾಕುವವರು ದುಡ್ಡು ಉಳಿಸಲು ಹೋಗುವುದು ಹೆಚ್ಚಾಗಿ ಪವರ್ ಸಪ್ಲೈ ಪೆಟ್ಟಿಗೆಯಲ್ಲಿ. ಅದು ಕೆಟ್ಟರೆ ದುಬಾರಿ ಭಾಗಗಳನ್ನೂ ಜೊತೆಗೆ ಕೆಡಿಸಬಹುದು.

ಹೊರೆ ಏರಿದಾಗ ಪೂರೈಕೆ ನಿಲ್ಲುವುದೇ ಎಂಬ ಪ್ರಶ್ನೆ ಕರ್ನಾಟಕಕ್ಕೆ ಹೊಸದಲ್ಲ. ಕೋಲಾರದ ಚಿನ್ನದ ಗಣಿಗಳಿಗಾಗಿ 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರಕ್ಕೆ ವಿದ್ಯುತ್ತು ಹರಿಯಿತು. ಗಣಿಗಳ ಬೇಡಿಕೆ ಏರುತ್ತಲೇ ಹೋಯಿತು. ಯಂತ್ರಗಳನ್ನು ಹೆಚ್ಚಿಸಬಹುದಿತ್ತು, ಆದರೆ ಬೇಸಿಗೆಯಲ್ಲಿ ಕಾವೇರಿ ಸೊರಗಿದಾಗ ಅವುಗಳಿಗೆ ನೀರೆಲ್ಲಿ? 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ನೀರಾವರಿಯ ಜೊತೆಗೆ ಶಿವನಸಮುದ್ರಕ್ಕೆ ವರ್ಷವಿಡೀ ನೀರು ಒದಗಿಸುವುದೂ ಸೇರಿತ್ತು.

ಕಂಪ್ಯೂಟರಿನ ಪವರ್ ಸಪ್ಲೈಯಲ್ಲಿ ಈ ಕಟ್ಟೆಯ ಕೆಲಸವನ್ನು ಮಾಡುವುದು ಕೆಪಾಸಿಟರ್. ನಮ್ಮ ಕರೆಂಟು ಸೆಕೆಂಡಿಗೆ 50 ಬಾರಿ ಏರಿಳಿಯುತ್ತದೆ. ಒಂದು ಆವರ್ತಕ್ಕೆ 20 ಮಿಲಿಸೆಕೆಂಡು. ಕರೆಂಟು ಕಡಿದ ಮೇಲೆ ಪವರ್ ಸಪ್ಲೈ ಹೊರೆಯನ್ನು ಸುಮಾರು 16 ಮಿಲಿಸೆಕೆಂಡು ತಡೆದುಕೊಳ್ಳಬೇಕೆಂದು ಮಾನದಂಡ ಹೇಳುತ್ತದೆ. ಅಂದರೆ ಒಂದು ಆವರ್ತಕ್ಕೂ ಕಡಿಮೆ. ಅಗ್ಗದ ಪೆಟ್ಟಿಗೆಗಳಲ್ಲಿ ಈ ಕೆಪಾಸಿಟರೇ ಚಿಕ್ಕದಾಗಿರುವುದುಂಟು.

ಹಿಂದಿನ ಪವರ್ ಸಪ್ಲೈಗಳಲ್ಲಿ ಕಬ್ಬಿಣದ ಭಾರೀ ಟ್ರಾನ್ಸ್‌ಫಾರ್ಮರ್ ಇರುತ್ತಿತ್ತು. ಕರೆಂಟನ್ನು ಸೆಕೆಂಡಿಗೆ ಸಾವಿರಾರು ಬಾರಿ ತುಂಡರಿಸಿ ಹದಗೊಳಿಸುವ ಎಸ್‌ಎಂಪಿಎಸ್ ಆ ಭಾರವನ್ನು ಇಳಿಸಿತು. 1977ರ ಆಪಲ್ 2 ಕಂಪ್ಯೂಟರಿನಲ್ಲಿ ಇಂಥದೇ ಪೆಟ್ಟಿಗೆಯಿತ್ತು. ಅದಕ್ಕೆ ಫ್ಯಾನೇ ಬೇಕಿರಲಿಲ್ಲ. 1981ರಲ್ಲಿ ಬಂದ ಐಬಿಎಂ ಪಿಸಿಗೆ 63.5 ವ್ಯಾಟ್ ಸಾಕಾಗಿತ್ತು. ಇಂದು ಒಂದೇ ಗ್ರಾಫಿಕ್ಸ್ ಕಾರ್ಡು ಅದರ ಐದಾರು ಪಟ್ಟು ಎಳೆಯಬಲ್ಲದು.

ಓವರ್‌ಕ್ಲಾಕಿಂಗ್ ಜನಪ್ರಿಯವಾಗಲು ಮುಖ್ಯ ಕಾರಣಗಳಲ್ಲೊಂದು 1998ರಲ್ಲಿ ಬಂದ ಇಂಟೆಲ್‌ನ ಸೆಲೆರಾನ್ 300ಎ. 300 ಮೆಗಾಹರ್ಟ್ಸ್‌ನ ಈ ಅಗ್ಗದ ಚಿಪ್ಪನ್ನು ಹವ್ಯಾಸಿಗಳು 450ಕ್ಕೆ ಏರಿಸಿ ಓಡಿಸಿದರು. ಆದರೆ ವೇಗ ಪುಕ್ಕಟೆ ಬರುವುದಿಲ್ಲ. ಚಿಪ್ಪು ಎಳೆಯುವ ವಿದ್ಯುತ್ತು ವೇಗದ ಜೊತೆಗೆ ಏರುತ್ತದೆ. ವೋಲ್ಟೇಜು ಏರಿಸಿದರೆ ಅದರ ವರ್ಗದಷ್ಟು ಏರುತ್ತದೆ. ವೇಗವನ್ನು ಶೇ 50, ವೋಲ್ಟೇಜನ್ನು ಶೇ 10 ಹೆಚ್ಚಿಸಿದರೆ ಲೆಕ್ಕದ ಪ್ರಕಾರ ವಿದ್ಯುತ್ತಿನ ಬಳಕೆ ಸುಮಾರು ಶೇ 80 ಹೆಚ್ಚುತ್ತದೆ.

ಮೊದಮೊದಲು ಈ ಹೊರೆ ಹೆಚ್ಚಾಗಿ 5 ಮತ್ತು 3.3 ವೋಲ್ಟಿನ ತಂತಿಗಳ ಮೇಲೆ ಬೀಳುತ್ತಿತ್ತು. 2000ದಲ್ಲಿ ಪೆಂಟಿಯಂ 4ರ ಜೊತೆಗೆ ಬಂದ ಹೊಸ ಮಾನದಂಡ ಪ್ರೊಸೆಸರಿಗೆಂದೇ 12 ವೋಲ್ಟಿನ ಪ್ರತ್ಯೇಕ ತಂತಿ ಕೊಟ್ಟಿತು. ಆದ್ದರಿಂದ ಕೊಳ್ಳುವವರು ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಯನ್ನಲ್ಲ, ಪಕ್ಕದ ಚೀಟಿಯಲ್ಲಿ 12 ವೋಲ್ಟಿಗೆ ಎಷ್ಟು ಆಂಪಿಯರ್ ಎಂದಿದೆ ಎಂಬುದನ್ನು ಓದಬೇಕು. 50 ಆಂಪಿಯರ್ ಎಂದಿದ್ದರೆ 600 ವ್ಯಾಟ್. ಹೊರೆ ಬಿದ್ದಾಗಲೂ ಈ 12 ವೋಲ್ಟು 11.4ಕ್ಕಿಂತ ಕೆಳಗಿಳಿಯಬಾರದು.

ಸರಾಸರಿ ಬಳಕೆಯ ಲೆಕ್ಕವೂ ಸಾಲದು. ಪಂಪು ಚಾಲೂ ಆಗುವಾಗ ಒಮ್ಮೆಲೇ ಎಳೆಯುವಂತೆ ಗ್ರಾಫಿಕ್ಸ್ ಕಾರ್ಡೂ ಕ್ಷಣಮಾತ್ರ ಹಲವು ಪಟ್ಟು ಎಳೆಯುತ್ತದೆ. ಇದಕ್ಕಾಗಿಯೇ 2022ರ ಎಟಿಎಕ್ಸ್ 3.0 ಮಾನದಂಡ, ಹೊಸ ಬಗೆಯ ದೊಡ್ಡ ಪೆಟ್ಟಿಗೆಗಳು 100 ಮೈಕ್ರೊಸೆಕೆಂಡಿನ ಮಟ್ಟಿಗೆ ದುಪ್ಪಟ್ಟು ಹೊರೆ ತಾಳಬೇಕೆಂದು ಹೇಳಿತು. ಎಲ್ಲ ಭಾಗಗಳ ಗರಿಷ್ಠ ಬಳಕೆಯನ್ನು ಓವರ್‌ಕ್ಲಾಕ್ ಮಾಡಿದ ಸ್ಥಿತಿಯಲ್ಲಿ ಕೂಡಿಸಿ, ಅದರ ಮೇಲೆ ಮೂರನೇ ಒಂದು ಭಾಗ ಸೇರಿಸಿ ಕೊಳ್ಳುವುದು ಕ್ಷೇಮ. 2004ರಲ್ಲಿ ಆರಂಭವಾದ 80 ಪ್ಲಸ್ ಗುರುತು ದಕ್ಷತೆಯನ್ನಷ್ಟೇ ಹೇಳುತ್ತದೆ. 400 ವ್ಯಾಟ್ ಕೊಡಲು ಶೇ 80ರ ಪೆಟ್ಟಿಗೆ 500 ಎಳೆದರೆ ಶೇ 90ರದು ಸುಮಾರು 444 ಎಳೆಯುತ್ತದೆ. ಉಳಿದದ್ದು ಶಾಖ.

ಹಾರೂಗೇರಿಯಂಥ ಊರಿನಲ್ಲಿ ಇದಕ್ಕೆ ಇನ್ನೊಂದು ಮಾತು ಸೇರುತ್ತದೆ. ಮನೆಗೆ ಬರಬೇಕಾದದ್ದು 230 ವೋಲ್ಟು. ಅದು 170ಕ್ಕೆ ಇಳಿದರೂ ಕಂಪ್ಯೂಟರಿಗೆ ಬೇಕಾದ ವ್ಯಾಟು ಕಡಿಮೆಯಾಗದು. ಆದ್ದರಿಂದ 600 ವ್ಯಾಟಿಗೆ 2.6 ಆಂಪಿಯರ್ ಎಳೆಯುತ್ತಿದ್ದ ಪೆಟ್ಟಿಗೆ 3.5 ಎಳೆಯುತ್ತದೆ. ಇಲ್ಲಿ 100ರಿಂದ 240 ವೋಲ್ಟಿನವರೆಗೆ ನಡೆಯುವ ಪೆಟ್ಟಿಗೆಯೇ ಬೇಕು. ಸರಿಯಾದ ಅರ್ಥಿಂಗ್ ಇರಬೇಕು. ಯುಪಿಎಸ್ ಕೊಳ್ಳುವುದಾದರೆ ಶುದ್ಧ ಸೈನ್ ಅಲೆ ಕೊಡುವಂಥದ್ದನ್ನು ನೋಡಬೇಕು.

ಕಬ್ಬಿನ ಬಿಲ್ಲು ಬಂದಾಗ ಮನೆಯವರು ಮಕ್ಕಳ ಕಂಪ್ಯೂಟರಿಗೆ ಕೊಟ್ಟ ದುಡ್ಡು ಎರಡನೇ ಸಲ ಸುಲಭವಾಗಿ ಸಿಗುವುದಿಲ್ಲ. ಅಂಗಡಿಯಲ್ಲಿ ಪ್ರೊಸೆಸರಿನ ವೇಗ ಕೇಳುವ ಮೊದಲು ಮನೆಯ ಪ್ಲಗ್ಗಿನಲ್ಲಿ ಸಂಜೆ ಎಷ್ಟು ವೋಲ್ಟು ಇರುತ್ತದೆಂದು ಅಳೆದುಕೊಂಡು ಹೋಗುವುದು ಒಳ್ಳೆಯದು.