ತಂಗಡಿಯ ಒಗರು

ಹರಪನಹಳ್ಳಿಯಿಂದ ತೆಲಿಗಿಯ ಕಡೆಗೆ ಹೊರಟವರಿಗೆ ದಾರಿಯ ಬದಿಯಲ್ಲಿ, ಹೊಲದ ಬದುವಿನಲ್ಲಿ, ಉಳದೆ ಬಿಟ್ಟ ಬೀಳಿನಲ್ಲಿ ಒಂದು ಗಿಡ ತಪ್ಪದೆ ಕಾಣಸಿಗುತ್ತದೆ. ಆಳೆತ್ತರಕ್ಕೆ ಬೆಳೆಯುವ ಪೊದೆ. ಹುಣಿಸೆಯ ಎಲೆಯನ್ನು ನೆನಪಿಗೆ ತರುವ ಸಣ್ಣ ಎಲೆ. ಹೂ ಬಿಟ್ಟಾಗ ಮೈತುಂಬ ಅರಿಸಿನ ಬಳಿದುಕೊಂಡಂಥ ಕಳೆ. ಅದೇ ತಂಗಡಿ. ಕೆಲವೆಡೆ ಅದನ್ನು ಆವರಿಕೆ ಎನ್ನುತ್ತಾರೆ. ಮಳೆ ಕೈಕೊಟ್ಟ ವರ್ಷದಲ್ಲೂ ಅದು ಹಸುರಾಗಿ ನಿಂತಿರುತ್ತದೆ. ದನಕರುಗಳು ಸಾಮಾನ್ಯವಾಗಿ ಅದಕ್ಕೆ ಬಾಯಿ ಹಾಕುವುದಿಲ್ಲ. ಕೊಂಬೆ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಯಾರೂ ಬಿತ್ತದ, ಯಾರೂ ಕಾಯದ ಈ ಗಿಡಕ್ಕೆ ಒಂದು ಇತಿಹಾಸ ಉಂಟೆಂದರೆ ಕೇಳುವವರಿಗೆ ಸೋಜಿಗವಾದೀತು. ಆದರೆ ಇತಿಹಾಸವು ಅರಮನೆಗಳಲ್ಲಿ ಮಾತ್ರ ನಡೆಯುವುದಿಲ್ಲ. ತಂಗಡಿಯ ತೊಗಟೆ ಕುದಿದ ಮಡಕೆಯಲ್ಲಿಯೂ ನಮ್ಮ ಸಮಾಜದ ಇತಿಹಾಸದ ಒಂದು ಅಧ್ಯಾಯ ಅಡಗಿದೆ.

ಮೊದಲು ಒಂದೆರಡು ಮಾತುಗಳ ಅರ್ಥವನ್ನು ನೋಡೋಣ. ಕನ್ನಡದಲ್ಲಿ ಮರದ ಮೈಮೇಲಿನದು ತೊಗಟೆ; ಪ್ರಾಣಿಯ ಮೈಮೇಲಿನದು ತೊಗಲು. ಎರಡೂ ಸೋದರ ಪದಗಳೆಂಬುದು ಕಿವಿಗೇ ತಿಳಿಯುತ್ತದೆ. ಸಂಸ್ಕೃತದಲ್ಲಂತೂ ‘ತ್ವಕ್’ ಎಂಬ ಒಂದೇ ಶಬ್ದ ಚರ್ಮಕ್ಕೂ ಸಲ್ಲುತ್ತದೆ, ತೊಗಟೆಗೂ ಸಲ್ಲುತ್ತದೆ. ನಮ್ಮ ಅಡುಗೆಮನೆಯ ಚಕ್ಕೆಗೂ ವೈದ್ಯಗ್ರಂಥಗಳು ಇಟ್ಟಿರುವ ಹೆಸರು ಅದೇ. ಇನ್ನು ‘ಕಷಾಯ’ ಎಂಬ ಮಾತು. ಇಂದು ನಾವು ನೆಗಡಿಯಾದಾಗ ಕುಡಿಯುವ ಬಿಸಿನೀರಿಗೆ ಈ ಹೆಸರು ನಿಂತುಬಿಟ್ಟಿದೆ. ಮೂಲದಲ್ಲಿ ಅದು ಷಡ್ರಸಗಳಲ್ಲಿ ಒಂದಾದ ಒಗರಿನ ಹೆಸರು. ತೊಗಟೆಯ ನೀರಿನ ಕೆಂಗಂದು ಬಣ್ಣದ ಹೆಸರೂ ಹೌದು. ಸಂನ್ಯಾಸಿಯ ಬಟ್ಟೆ ಕಾಷಾಯವಾದದ್ದು ಹೀಗೆ. ಬೌದ್ಧ ಭಿಕ್ಷುಗಳ ಚೀವರಕ್ಕೆ ವಿನಯಗ್ರಂಥಗಳು ಒಪ್ಪಿದ ಬಣ್ಣದ ಮೂಲಗಳಲ್ಲಿ ಬೇರು, ಕಾಂಡ, ಎಲೆ, ಹೂ, ಹಣ್ಣುಗಳ ಜೊತೆಗೆ ತೊಗಟೆಯೂ ಸೇರಿದೆ. ಹೀಗೆ ಒಗರು, ಮದ್ದು, ಬಣ್ಣ ಮೂರೂ ಒಂದೇ ಮಾತಿನೊಳಗೆ ಕೂಡಿಕೊಂಡಿವೆ. ನಾಲ್ಕನೆಯದೊಂದು ಇದೆ; ಅದನ್ನು ಮಾತ್ರ ಈ ಮಾತಿನ ಮನೆಯೊಳಗೆ ಕರೆದುಕೊಳ್ಳಲಿಲ್ಲ. ಅದರ ವಿಚಾರವನ್ನೇ ನಾನು ಇಂದು ಹೇಳಬೇಕೆಂದಿರುವುದು.

ತೊಗಟೆಯ ಮದ್ದಿಗೆ ಬಹು ಹಳೆಯ ಶಾಸ್ತ್ರವಿದೆ. ಚರಕಸಂಹಿತೆಯು ಐದು ಬಗೆಯ ಕಷಾಯಗಳನ್ನು ಎಣಿಸುತ್ತದೆ: ಹಿಂಡಿದ ರಸ, ಅರೆದ ಕಲ್ಕ, ಕುದಿಸಿ ಇಳಿಸಿದ್ದು, ತಣ್ಣೀರಿನಲ್ಲಿ ನೆನೆಹಾಕಿದ್ದು, ಬಿಸಿನೀರು ಹೊಯ್ದು ಸೋಸಿದ್ದು. ಉಪ್ಪೊಂದನ್ನು ಬಿಟ್ಟು ಉಳಿದ ಐದು ರುಚಿಯ ದ್ರವ್ಯಗಳಿಂದಲೂ ಕಷಾಯವಾಗುತ್ತದೆ ಎಂಬುದು ಅಲ್ಲಿಯ ನಿಯಮ. ಶಾರ್ಙ್ಗಧರಸಂಹಿತೆಯು ಅಳತೆಯನ್ನೇ ಕೊಡುತ್ತದೆ: ಜಜ್ಜಿದ ಮೂಲಿಕೆ ಒಂದು ಪಾಲು, ನೀರು 16 ಪಾಲು, ನೀರು ಎಂಟರಲ್ಲಿ ಒಂದು ಪಾಲಿಗೆ ಇಂಗುವವರೆಗೆ ಸಣ್ಣ ಉರಿ. ಈ ಲೆಕ್ಕದಲ್ಲಿ ನೋಡಿದರೆ ಇಂದು ನಾವು ಕುಡಿಯುವ ಚಹ ಬಿಸಿನೀರು ಹೊಯ್ದು ಸೋಸುವ ಐದನೆಯ ಬಗೆಗೆ ಸೇರುವ ವಸ್ತು. ಎಲೆ ಹೂಗಳಿಗೆ ಅಷ್ಟು ಸಾಕು. ಕಡ್ಡಿ, ತೊಗಟೆಗಳು ಗಟ್ಟಿ ಜೀವದವು. ಅವುಗಳಿಂದ ಸಾರವನ್ನು ಪಡೆಯಲು ಹೊತ್ತು ಬೇಕು, ತಾಳ್ಮೆ ಬೇಕು. ಆಲ, ಅರಳಿ, ಅತ್ತಿ, ಬಸರಿ ಮೊದಲಾದ ಐದು ಮರಗಳ ತೊಗಟೆಯ ಕಷಾಯವು ಪಂಚವಲ್ಕಲವೆಂದು ಹೆಸರಾಗಿದೆ. ಹುಣ್ಣು ತೊಳೆಯುವುದಕ್ಕೂ ಬಾಯಿ ಮುಕ್ಕಳಿಸುವುದಕ್ಕೂ ಅದನ್ನು ವಿಧಿಸಿದ್ದಾರೆ.

ನಮ್ಮ ಸೀಮೆಯಲ್ಲಿ ಹೊಳೆಯ ದಂಡೆ ಬಿಟ್ಟರೆ ದೊಡ್ಡ ಮರಗಳು ಕಡಿಮೆ. ಇಲ್ಲಿಯ ಬಡವರ ವಲ್ಕಲಗಳೆಂದರೆ ಬೇವು, ಕರಿಜಾಲಿ, ತಂಗಡಿ. ಹಲ್ಲುನೋವಿಗೂ ಒಸಡಿನ ಬಾವಿಗೂ ಜಾಲಿಯ ತೊಗಟೆಯ ನೀರು. ಬಾಯಿಹುಣ್ಣಿಗೆ, ಹೊಟ್ಟೆ ಕೆಟ್ಟದ್ದಕ್ಕೆ ತಂಗಡಿಯ ನೀರು. ನಮ್ಮ ಅಜ್ಜಿ ಈ ಕಷಾಯ ಕಾಯಿಸುತ್ತಿದ್ದುದನ್ನು ನಾನು ಕಂಡಿದ್ದೇನೆ. ತೊಗಟೆಯನ್ನು ಮನೆಗೆ ತಂದುಕೊಡುತ್ತಿದ್ದವನು ಊರ ಹೊರಗಿನ ಕೇರಿಯಲ್ಲಿ ತೊಗಲು ಹದ ಮಾಡುತ್ತಿದ್ದ ಒಬ್ಬ ಹಿರಿಯ. ಯಾವ ಗಿಡದ ಕೊಂಬೆ ಬಲಿತಿದೆ, ಯಾವುದು ಎಳಸು, ಒಣಗಿದ ತೊಗಟೆ ಎಷ್ಟು ದಿನ ಕಸುವು ಉಳಿಸಿಕೊಳ್ಳುತ್ತದೆ ಎಂಬುದೆಲ್ಲ ಅವನಿಗೆ ಕೈಯ ಮೇಲಿನ ಗೆರೆಯಂತೆ ತಿಳಿದಿತ್ತು. ಅವನು ಕಟ್ಟನ್ನು ಅಂಗಳದ ಕಟ್ಟೆಯ ಅಂಚಿಗೆ ಇಟ್ಟು ದೂರ ಸರಿಯುತ್ತಿದ್ದ. ಅಜ್ಜಿ ಅದರ ಮೇಲೆ ನೀರು ಚಿಮುಕಿಸಿ ಒಳಗೆ ತೆಗೆದುಕೊಳ್ಳುತ್ತಿದ್ದಳು. “ಇನ್ನೊಂದು ಕುದಿ ಹೆಚ್ಚಿಗೆ ಕೊಡ್ರಿ ಅವ್ವಾರ” ಎಂದು ಅವನು ದೂರದಿಂದಲೇ ಹೇಳಿದರೆ, ಆಕೆ ಆ ಮಾತನ್ನು ತಪ್ಪದೆ ನಡೆಸುತ್ತಿದ್ದಳು. ಅವನ ಮಾತಿಗೆ ಮೈಲಿಗೆಯಿರಲಿಲ್ಲ; ಅವನ ಕೈಗೆ ಇತ್ತು. ಈ ವಿಚಿತ್ರದ ಅರ್ಥ ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ.

ಅವನ ಕೇರಿಯಲ್ಲಿ ಅದೇ ತೊಗಟೆಗೆ ಇನ್ನೊಂದು ಕೆಲಸವಿತ್ತು. ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ಹೆರೆದು, ಮಾಂಸ ತೆಗೆದು, ತೊಳೆದ ತೊಗಲನ್ನು ಚೀಲದಂತೆ ಹೊಲಿದು ಮೂರು ಕಂಬಗಳ ನಡುವೆ ತೂಗುಹಾಕುತ್ತಿದ್ದರು. ಅದರೊಳಗೆ ಜಜ್ಜಿದ ತಂಗಡಿಯ ತೊಗಟೆ ತುಂಬಿ ನೀರು ಹೊಯ್ಯುತ್ತಿದ್ದರು. ತೊಗಲಿನ ರಂಧ್ರಗಳಿಂದ ಒಸರಿ ಕೆಳಗಿನ ತೊಟ್ಟಿಗೆ ಬಿದ್ದ ಕೆಂಪು ನೀರನ್ನು ಮತ್ತೆ ಮತ್ತೆ ಮೇಲಕ್ಕೆ ಹೊಯ್ಯಬೇಕು. ದಿನಗಟ್ಟಲೆ ನಡೆಯುವ ಈ ಕೆಲಸಕ್ಕೆ ಕನ್ನಡಿಗರು ಇಟ್ಟ ಹೆಸರು ‘ಹದ ಮಾಡುವುದು’. ಎಷ್ಟು ದೊಡ್ಡ ಮಾತು ಅದು! ಮಣ್ಣಿಗೆ ಹದ, ಪಾಕಕ್ಕೆ ಹದ, ಕಷಾಯಕ್ಕೆ ಹದ, ತೊಗಲಿಗೂ ಹದ. ಹಾಗೆ ಹದಗೊಂಡ ತೊಗಲಿನಿಂದ ರೈತನ ಮೆಟ್ಟು, ಎತ್ತಿನ ಮಿಣಿ, ಕಪಿಲೆ ಬಾವಿಯ ನೀರೆತ್ತುವ ಚೀಲ ಆಗುತ್ತಿದ್ದವು. ಪಂಪುಗಳು ಬರುವ ಮೊದಲು ನಮ್ಮ ಬಾವಿಯ ಕೆಳಗಿನ ಹೊಲಗಳಲ್ಲಿ ಬೆಳೆದ ಕಾಳೆಲ್ಲ ಆ ಚೀಲ ಎತ್ತಿಕೊಟ್ಟ ನೀರನ್ನೇ ಕುಡಿದು ಬೆಳೆದದ್ದು. ಅದನ್ನು ಉಣ್ಣದ ಜಾತಿಯಿರಲಿಲ್ಲ.

ಈ ಕಸುಬು ಹಳ್ಳಿಯ ಗಡಿಯನ್ನು ದಾಟಿದ್ದೂ ಉಂಟು. 1800ರಲ್ಲಿ ನಿಜಾಮನಿಂದ ಕಂಪನಿಯ ಕೈಸೇರಿದ ಬಳ್ಳಾರಿ ಸೀಮೆ 1953ರವರೆಗೆ ಮದರಾಸಿನ ಆಡಳಿತದಲ್ಲಿತ್ತು. ಆ ಮದರಾಸು ಪ್ರಾಂತದ ಹದಗಾರಿಕೆಗೆ ತಂಗಡಿಯ ತೊಗಟೆಯೇ ಜೀವಾಳ. ಅದರಿಂದ ಹದಗೊಂಡ ತೊಗಲು ಲಂಡನ್ನಿನ ಪೇಟೆಯಲ್ಲಿ ತನ್ನದೇ ಹೆಸರು ಗಳಿಸಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೈನಿಕರ ಬೂಟುಗಳಿಗೂ ಒದಗಿತು. ಆಲ್‌ಫ್ರೆಡ್ ಚಾಟರ್ಟನ್ ಎಂಬ ಅಧಿಕಾರಿ 1904ರಲ್ಲಿ ಮದರಾಸು ಪ್ರಾಂತದ ತೊಗಲಿನ ಕೆಲಸವನ್ನು ಕುರಿತು ಒಂದು ಗ್ರಂಥವನ್ನೇ ಹೊರತಂದನು. ಕ್ರೋಮ್ ಲವಣದಿಂದ ಹದ ಮಾಡುವ ಹೊಸ ವಿಧಾನವನ್ನು ಮದರಾಸಿಗೆ ತಂದವರಲ್ಲಿ ಅವನೇ ಮುಖ್ಯ. ಆಮೇಲೆ ದಕ್ಷಿಣ ಆಫ್ರಿಕದ ವ್ಯಾಟಲ್ ತೊಗಟೆಯೂ ಹಡಗೇರಿ ಬಂತು. ತಂಗಡಿಯ ಬೇಡಿಕೆ ಇಳಿಯಿತು. ಹಳ್ಳಿಯ ತೊಟ್ಟಿಗಳು ಒಂದೊಂದಾಗಿ ಒಣಗಿದವು.

ಮದ್ದಿನ ಮಡಕೆಯಲ್ಲಿಯೂ ತೊಗಲಿನ ತೊಟ್ಟಿಯಲ್ಲಿಯೂ ಕೆಲಸ ಮಾಡುವ ವಸ್ತು ಯಾವುದು? ವಿಜ್ಞಾನ ಅದನ್ನು ಟ್ಯಾನಿನ್ ಎನ್ನುತ್ತದೆ. ಇಂಗ್ಲೆಂಡಿನ ಹಂಫ್ರಿ ಡೇವಿ 1803ರಲ್ಲಿ ಒಗರು ಸಸ್ಯಗಳನ್ನು ಪರೀಕ್ಷಿಸಿ ಪ್ರಬಂಧ ಬರೆದಾಗ, ಅವನ ಮುಂದಿದ್ದ ಮಾದರಿಗಳಲ್ಲಿ ನಮ್ಮ ದೇಶದ ಕಾಚೂ ಇತ್ತು. ವೀಳ್ಯದೊಡನೆ ಮೆಲ್ಲುವ ಅದೇ ಕಾಚು. ಟ್ಯಾನಿನ್ನಿನ ಸ್ವಭಾವ ಇಷ್ಟೆ: ಪ್ರೋಟೀನನ್ನು ಕಂಡರೆ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಸತ್ತ ತೊಗಲನ್ನು ಹಿಡಿದರೆ ಅದು ಕೊಳೆಯುವುದಿಲ್ಲ. ಬಾಯಿಯ ಜೊಲ್ಲಿನ ಪ್ರೋಟೀನನ್ನು ಹಿಡಿದರೆ ನಾಲಗೆ ಜಡ್ಡಾಗಿ ಒಗರೆನಿಸುತ್ತದೆ. ಹುಣ್ಣಿನ ಮೇಲ್ಮೈಯನ್ನು ಹಿಡಿದರೆ ಅದು ಬಿಗಿದುಕೊಳ್ಳುತ್ತದೆ. ಅಜ್ಜಿಯ ಮಡಕೆಗೂ ಕೇರಿಯ ತೊಟ್ಟಿಗೂ ಇದ್ದ ಅಂತರ ತೊಗಟೆಯಲ್ಲಿರಲಿಲ್ಲ, ನೀರಿನಲ್ಲಿರಲಿಲ್ಲ. ಹಾಗಾದರೆ ಎಲ್ಲಿತ್ತು?

ಆರಂಭದಲ್ಲಿ ಧರ್ಮಶಾಸ್ತ್ರ ಇಬ್ಬರನ್ನೂ ಹೊರಗಿಟ್ಟಿತ್ತೆಂಬುದು ಗಮನಿಸಬೇಕಾದ ಸಂಗತಿ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಯಾರ ಯಾರ ಅನ್ನವನ್ನು ಉಣ್ಣಬಾರದೆಂಬ ಪಟ್ಟಿಯಿದೆ. ತೊಗಲಿನ ಕೆಲಸದವನೂ ವೈದ್ಯನೂ ಆ ಒಂದೇ ಪಟ್ಟಿಯಲ್ಲಿದ್ದಾರೆ. ಕೀವು ರಕ್ತ ಮುಟ್ಟುವವನೂ ತೊಗಲು ಮುಟ್ಟುವವನೂ ಶಾಸ್ತ್ರಕಾರನ ಕಣ್ಣಿಗೆ ಒಂದೇ ಆಗಿದ್ದರು. ಕಾಲಕ್ರಮದಲ್ಲಿ ವೈದ್ಯನು ಆ ಪಟ್ಟಿಯಿಂದ ಹೊರಬಂದ. ಅವನ ಕೈಯಲ್ಲಿ ಗ್ರಂಥವಿತ್ತು, ರಾಜಾಶ್ರಯವಿತ್ತು. ಕನ್ನಡದಲ್ಲಿಯೇ ಚಾಲುಕ್ಯ ವಂಶದ ಕೀರ್ತಿವರ್ಮನು ದನಗಳ ಚಿಕಿತ್ಸೆಯನ್ನು ಕುರಿತು ‘ಗೋವೈದ್ಯ’ವನ್ನು ಬರೆದನು. ಬದುಕಿರುವ ದನಕ್ಕೆ ಮದ್ದು ಹೇಳಿದವನ ಹೆಸರು ಉಳಿಯಿತು. ಸತ್ತ ದನದ ತೊಗಲನ್ನು ಹದಗೊಳಿಸುವವನ ಶಾಸ್ತ್ರವನ್ನು ಕನ್ನಡದಲ್ಲಿ ಆಗ ಯಾರೂ ಬರೆಯಲಿಲ್ಲ. ಅದಕ್ಕೆ ಚಾಟರ್ಟನ್ನನಂಥ ಪರದೇಶದವನು ಬರಬೇಕಾಯಿತು. ಅವನು ಬರೆದದ್ದೂ ವ್ಯಾಪಾರದ ದೃಷ್ಟಿಯಿಂದ.

ಒಂದು ಕಾಲದಲ್ಲಿ ಮಾತ್ರ ಈ ಇಬ್ಬರನ್ನು ಒಂದೇ ಸಾಲಿನಲ್ಲಿ, ಈ ಸಲ ಗೌರವದಿಂದ, ಕೂರಿಸುವ ಯತ್ನ ನಡೆಯಿತು. 12ನೆಯ ಶತಮಾನದ ಕಲ್ಯಾಣದ ಶರಣರಲ್ಲಿ ವೈದ್ಯ ಸಂಗಣ್ಣನಿದ್ದ, ತೊಗಲು ಹದ ಮಾಡುವ ಡೋಹರ ಕಕ್ಕಯ್ಯನಿದ್ದ, ಮೆಟ್ಟು ಹೊಲಿಯುವ ಹರಳಯ್ಯನಿದ್ದ. ಬಸವಣ್ಣನವರು ಮಾದಾರ ಚೆನ್ನಯ್ಯ, ಕಕ್ಕಯ್ಯ ಇವರನ್ನು ತಮ್ಮ ಹಿರಿಯರೆಂದೂ ಬಂಧುಗಳೆಂದೂ ವಚನಗಳಲ್ಲಿ ಹೇಳಿಕೊಂಡರು. ಕೊಟ್ಟೂರು, ಉಜ್ಜಯಿನಿಗಳ ಸೀಮೆಯವರಾದ ನಮಗೆ ಈ ಹೆಸರುಗಳು ಹೊಸವಲ್ಲ. ಪುರಾಣ ಪ್ರವಚನಗಳಲ್ಲಿ ಕೇಳುತ್ತಲೇ ಬೆಳೆದಿದ್ದೇವೆ. ಕೇಳಿ ಮನೆಗೆ ಬಂದು ತೊಗಟೆಯ ಕಟ್ಟಿನ ಮೇಲೆ ನೀರು ಚಿಮುಕಿಸಿದ್ದೇವೆ.

ತೊಗಟೆ ತರುವ ಕೆಲಸದಲ್ಲಿಯೇ ಕೀಳೇನಾದರೂ ಇದೆಯೆ ಎಂದು ಕೇಳುವವರು ಒಮ್ಮೆ ನಮ್ಮ ಕರಾವಳಿಯ ಕಡೆ ನೋಡಬೇಕು. ದಕ್ಷಿಣ ಕನ್ನಡ, ಕಾಸರಗೋಡುಗಳ ತುಳುವರು ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಹಾಲೆಮರದ ತೊಗಟೆಯನ್ನು ತರುತ್ತಾರೆ. ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆಯಬೇಕೆಂಬುದು ಕಟ್ಟಳೆ. ಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿದ ಆ ಕಹಿ ಕಷಾಯವನ್ನು ಮನೆಮಂದಿಯೆಲ್ಲ ಬರಿ ಹೊಟ್ಟೆಯಲ್ಲಿ ಕುಡಿದು, ಆಮೇಲೆ ಮೆಂತೆಯ ಗಂಜಿ ಉಣ್ಣುತ್ತಾರೆ. ಗುರುತು ತಪ್ಪಿ ಕಾಸರಕದಂಥ ವಿಷದ ಮರದ ತೊಗಟೆ ತಂದು ಅಪಾಯಕ್ಕೊಳಗಾದವರೂ ಉಂಟು. ಆದ್ದರಿಂದ ಮರವನ್ನು ಬಲ್ಲವನಿಗೆ ಅಲ್ಲಿ ಮನ್ನಣೆ. ಅಲ್ಲಿ ತೊಗಟೆ ತಂದವನು ಮನೆಯವರ ಆರೋಗ್ಯ ತಂದವನು. ನಮ್ಮ ಬಯಲುಸೀಮೆಯಲ್ಲಿ ಅದೇ ಅರಿವುಳ್ಳವನು ಕಟ್ಟೆಯ ಆಚೆ ನಿಂತ.

ಈಗ ಚಹದ ಮಾತು. 20ನೆಯ ಶತಮಾನದ ಮೊದಲರ್ಧದಲ್ಲಿ ಚಹದ ಪ್ರಚಾರಕರು ಪೇಟೆ, ರೈಲು ನಿಲ್ದಾಣಗಳಲ್ಲಿ ಚಹ ಕಾಯಿಸಿ ತೋರಿಸಿ ನಮ್ಮ ಜನಕ್ಕೆ ಅದರ ರುಚಿ ಹಿಡಿಸಿದರು. ಚಹದ ಒಗರಿಗೂ ಕಾರಣ ಟ್ಯಾನಿನ್ನಿನ ಬಳಗವೇ. ಸಿಂಹಳದಲ್ಲಂತೂ ತಂಗಡಿಯ ಎಲೆಯನ್ನೇ ಕಾಯಿಸಿ ಕುಡಿಯುವ ರೂಢಿಯಿದ್ದು, ಅದಕ್ಕೆ ಮಾತರ ಊರಿನ ಹೆಸರಿನಿಂದ ‘ಮಾತರ ಟೀ’ ಎನ್ನುತ್ತಿದ್ದರು. ಹೊಸ ಪಾನೀಯ ಬಂದದ್ದರಿಂದ ಹಳೆಯ ಭೇದ ಕರಗಬಹುದಾಗಿತ್ತು. ಕರಗಲಿಲ್ಲ. ಹಳ್ಳಿಯ ಹೋಟೆಲುಗಳಲ್ಲಿ ಎರಡು ಬಗೆಯ ಲೋಟಗಳು ಬಂದವು. ಒಂದು ಒಳಗೆ ಕುಳಿತವರಿಗೆ, ಇನ್ನೊಂದು ಹೊರಗೆ ನಿಂತು ಕುಡಿದು ತಾವೇ ತೊಳೆದಿಡಬೇಕಾದವರಿಗೆ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ಅಳಿಸಿ, 1955ರ ಕಾಯಿದೆ ಇಂಥ ನಡತೆಯನ್ನು ಅಪರಾಧವೆಂದು ಸಾರಿದ ಮೇಲೂ ಆ ಲೋಟಗಳು ಎಷ್ಟೋ ಕಡೆ ಬಹುಕಾಲ ಗೂಟದ ಮೇಲೆ ತೂಗಾಡುತ್ತಿದ್ದವು.

2020ರಲ್ಲಿ ಕೊರೊನಾ ಬಂದಾಗ ಕೇಂದ್ರದ ಆಯುಷ್ ಸಚಿವಾಲಯವು ತುಳಸಿ, ಚಕ್ಕೆ, ಕರಿಮೆಣಸು, ಶುಂಠಿ, ಒಣದ್ರಾಕ್ಷಿಗಳ ಕಷಾಯವನ್ನು ಕುಡಿಯಿರೆಂದು ಸಲಹೆ ಮಾಡಿತು. ತೊಗಟೆಯ ಕಷಾಯಕ್ಕೆ ಮತ್ತೆ ಮಾನ ಬಂತು. ತಂಗಡಿಯ ಹೂವಿನ ಚಹವೂ ಇಂದು ಅಂದವಾದ ಪೊಟ್ಟಣಗಳಲ್ಲಿ, ಸಕ್ಕರೆ ಕಾಯಿಲೆಯವರಿಗೆ ಹಿತವೆಂಬ ಹೆಸರಿನಲ್ಲಿ ಮಾರಾಟಕ್ಕಿದೆ. ಪ್ರಯೋಗಾಲಯದಲ್ಲಿ ಇಲಿಗಳ ಮೇಲೆ ಪರೀಕ್ಷೆಗಳು ನಡೆದಿವೆ, ನಿಜ. ಅಷ್ಟನ್ನೇ ನಂಬಿ ವೈದ್ಯರು ಕೊಟ್ಟ ಔಷಧಿಯನ್ನು ಬಿಡುವುದು ಜಾಣತನವಲ್ಲ. ಪೊಟ್ಟಣದ ಮೇಲೆ ಗಿಡದ ಶಾಸ್ತ್ರೀಯ ನಾಮವಿರುತ್ತದೆ, ಋಷಿಗಳ ಸ್ಮರಣೆಯಿರುತ್ತದೆ. ತಲೆಮಾರುಗಟ್ಟಲೆ ಆ ಗಿಡದ ಒಡನಾಡಿಗಳಾಗಿದ್ದ ಸಮಗಾರ, ಡೋಹರ, ಮಾದಿಗರ ಹೆಸರು ಮಾತ್ರ ಎಲ್ಲಿಯೂ ಇರುವುದಿಲ್ಲ.

ಆದರೆ ಮರೆಸಿದರೂ ಮರೆಯಾಗದ ಒಂದು ಸಾಕ್ಷಿ ವೈದ್ಯರ ನಿಘಂಟಿನಲ್ಲಿಯೇ ಉಳಿದಿದೆ. ತಂಗಡಿಗೆ ಅವರು ಕೊಟ್ಟ ಸಂಸ್ಕೃತದ ಹೆಸರು ಆವರ್ತಕೀ. ಅದರ ಪರ್ಯಾಯ ನಾಮಗಳಲ್ಲಿ ‘ಚರ್ಮರಂಗಾ’ ಎಂಬುದೂ ಒಂದು. ತೊಗಲಿಗೆ ಬಣ್ಣ ಕೊಡುವಂಥದು ಎಂದರ್ಥ. ಹಾಗೆಂದು ಹೆಸರಿಟ್ಟ ಪಂಡಿತನೋ ಅವನ ಹಿಂದಿನವರೋ ಎಂದಾದರೊಮ್ಮೆ ಹದಗಾರನ ತೊಟ್ಟಿಯ ಬಳಿ ನಿಂತು ನೋಡಿರಲೇಬೇಕು. ಅವನಿಂದ ಗಿಡದ ಗುಣವನ್ನು ಕೇಳಿ ತಿಳಿದಿರಲೂಬಹುದು. ಕಷಾಯದ ಇತಿಹಾಸವನ್ನು ಬರೆಯುವವರು ಚರಕನ ಹೆಸರಿನ ಜೊತೆಗೆ ಆ ತೊಟ್ಟಿಗೂ ಒಂದು ಅಧ್ಯಾಯ ಕೊಡಬೇಕು. ‘ಹದ’ವೆಂಬ ಮಾತಿನ ಅರ್ಥವನ್ನು ಕೈಯಾರೆ ಕಾಪಾಡಿಕೊಂಡು ಬಂದವರಿಗೆ ನಾವು ಸಲ್ಲಿಸಬೇಕಾದ ಸಾಲ ಅದು.

(ಬಾನುಲಿ ಭಾಷಣದ ಬರಹರೂಪ)